ಕಕ್ಕಸಿನ ತಾಮ್ರದ ಚೆಂಡು

ಮಟ್ಟಾಂಚೇರಿಯ ಬೋಟು ಕಟ್ಟೆಯ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಹೆಂಗಸರು ಕಾಸರಗೋಡಿನ ಕನ್ನಡ ಮಾತಾಡುತ್ತಿದ್ದರು. ಕಿರಿಯವಳ ಕೈಯಲ್ಲಿ ತೆಂಗಿನಕಾಯಿಯಷ್ಟು ದೊಡ್ಡ ತಾಮ್ರದ ಚೆಂಡಿತ್ತು.

“ಎಂತದು ದಾಕ್ಷಾಯಣಿ, ಬಾಂಬಾ?”

“ಕಕ್ಕಸಿನ ಫ್ಲಶ್ ತೊಟ್ಟಿಯದ್ದು, ರಾಜೀವಿಯಕ್ಕ. ತೂತಾಗಿ ಒಳಗೆ ನೀರು ಹೋಗಿದೆ. ಇದು ತೇಲದಿದ್ರೆ ನಳ್ಳಿ ಮುಚ್ಚುವುದಿಲ್ಲ. ಮೂರು ತಿಂಗಳಿಂದ ನೀರು ಹರೀತಾನೇ ಉಂಟು.”

“ಎರ್ನಾಕುಳಂನಲ್ಲಿ ಬೆಸುಗೆ ಹಾಕಿಸಿದ್ರೆ ಆಯ್ತಲ್ಲ?”

“ಅದಕ್ಕೇ ಹೊರಟದ್ದು. ಬೆಳಿಗ್ಗೆ ಇವರು ಚೆಂಡು ಬಿಚ್ಚಿ ನಳ್ಳಿ ಕಟ್ಟಿದ್ರು. ಶಬ್ದ ನಿಂತದ್ದೇ ಅತ್ತೆ ಕೈ ಒರೆಸುವ ಬೈರಾಸು ಹಿಡ್ಕೊಂಡು ಕಕ್ಕಸಿನ ಬಾಗಿಲಲ್ಲಿ ನಿಂತ್ರು.”

“ಯಾರಿಗೆ?”

“ಮಾವನಿಗೆ.”

“ಅವರು ತೀರಿ ಮೂರು ತಿಂಗಳಾಯ್ತಲ್ಲ ಮಾರಾಯ್ತಿ!”

“ತೊಟ್ಟಿಯ ಸರಪಣಿ ಎಳೆದು ಅಲ್ಲೇ ಕುಸಿದದ್ದು. ಅವತ್ತಿಂದ ನೀರು ನಿಂತಿರಲಿಲ್ಲ. ಅತ್ತೆಯ ಲೆಕ್ಕದಲ್ಲಿ ಮಾವ ಇನ್ನೂ ಒಳಗೇ ಇದ್ದದ್ದು.”

“ಬಾಗಿಲು ತೆರೆದು ತೋರಿಸ್ಬೇಕಿತ್ತು.”

“ತೋರಿಸಿದೆ. ‘ಇಷ್ಟು ಹೊತ್ತು ಇದ್ರು, ನೀವೇ ಓಡಿಸಿದ್ರಿ’ ಅಂತ ಅಳ್ತಿದ್ದಾರೆ.”

ಬೋಟು ಬಂತು. ರಾಜೀವಿಯಕ್ಕ ಮೊದಲು ಹತ್ತಿ ಕೈ ಚಾಚಿದರು. ದಾಕ್ಷಾಯಣಿ ಚೆಂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ನೀರು ಕುಲುಕಿದ್ದು ನನಗೂ ಕೇಳಿಸಿತು.

“ನೀವು ಹೋಗಿ ಅಕ್ಕ. ಇದು ಹೀಗೇ ಇರ್ಲಿ.”

ಅವಳು ಚೆಂಡನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಯ ಕಡೆ ಬೇಗ ಬೇಗ ನಡೆದಳು.