ಸ್ಪೀಕರಿನ ಹಿಂದಿನ ಕುರ್ಚಿ

ಬಿ.ಸಿ.ರೋಡಿನಲ್ಲಿ ಮೂಡುಬಿದಿರೆಯ ಬಸ್ಸಿಗೆ ಕಾಯುತ್ತಿದ್ದ ಶುಭಶ್ರೀ ಟೀಚರಿಗೆ ಪಕ್ಕದಲ್ಲಿ ಕುಳಿತ ಇಬ್ಬರು ಹೆಂಗಸರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಲೋಕನಾಥ ಭಾವ ತೀರಿಹೋಗುವ ಮೊದಲು ಅವರ ನಾಟಕ ನೋಡಿದ್ರಲ್ಲ ಪ್ರಫುಲ್ಲಕ್ಕ, ಅದೊಂದು ಪುಣ್ಯ,” ಎಂದಳು ಕಿರಿಯವಳು.

“ಎಂಥ ನೋಡಿದ್ದು? ನನ್ನ ಕುರ್ಚಿಯ ಎದುರಿಗೇ ಆಳೆತ್ತರದ ಸ್ಪೀಕರ್ ಇಟ್ಟಿದ್ರು. ನಮ್ಮ ಯಜಮಾನರನ್ನು ನಿಲ್ಲಿಸಿದ್ದು ಅದರ ಆಚೆ.”

“ಎದ್ದು ನಿಲ್ಲಬೇಕಿತ್ತು.”

“ನಿಂತೆ. ಹಿಂದಿನವರು ಕೂತ್ಕೊಳ್ಳಿ ಅಂತ ಬೊಬ್ಬೆ ಹಾಕಿದ್ರು. ಮತ್ತೆ ಸ್ವರ ಮಾತ್ರ ಕೇಳಿದ್ದು.”

“ವಿಡಿಯೊ ಉಂಟಲ್ಲ?”

“ಅದರಲ್ಲಿ ಪೂರಾ ಹೀರೋನ ಮುಖ. ಇವರದ್ದು ಮುದುಕನ ಸಣ್ಣ ಪಾರ್ಟು.”

ಶುಭಶ್ರೀ ಮೊಬೈಲ್ ನೋಡುವವಳಂತೆ ತಲೆ ತಗ್ಗಿಸಿದಳು.

“ಆಸ್ಪತ್ರೆಯಲ್ಲಿ ಕೇಳಿದ್ರು, ನಾಟಕದ ಕಡೆಗೆ ನಾನು ಮಾತಿಲ್ಲದೆ ಅತ್ತದ್ದು ನಿನಗೆ ಕಂಡಿತಾ ಅಂತ.”

“ನೀವು?”

“ಕಂಡಿತು ಅಂದೆ. ಹೇಗಿತ್ತು ಹೇಳು ಅಂದ್ರು. ನನಗೆ ಒಂದು ಮಾತೂ ಬರಲಿಲ್ಲ.”

“ಅಯ್ಯೋ, ಮತ್ತೆ?”

“ಗೋಡೆಯ ಕಡೆ ತಿರುಗಿ ಮಲಗಿದ್ರು. ಮತ್ತೆ ನನ್ನ ಹತ್ತಿರ ಮಾತಾಡಲೇ ಇಲ್ಲ.”

ಬೆಳ್ತಂಗಡಿಯ ಬಸ್ಸು ಬಂತು. ಶುಭಶ್ರೀ ಏನಾದರೂ ಹೇಳಬೇಕೆನಿಸಿ ಎದ್ದು ನಿಂತಳು. ಅಷ್ಟರಲ್ಲಿ ಕಿರಿಯವಳು ಪ್ರಫುಲ್ಲಕ್ಕನ ತೋಳು ಹಿಡಿದು ಬಸ್ಸು ಹತ್ತಿಸಿಯಾಗಿತ್ತು.