ತಳದ ಗುರುತು

ಐವತ್ತಾರನೆಯ ಇಸವಿಯಲ್ಲಿ ಒಂದು ಬೆಳಿಗ್ಗೆ ಕೆಂಗೇರಿಯ ಕಾಳಾಚಾರ್ ಪಾತ್ರೆ ಅಂಗಡಿಯಲ್ಲಿ ಸರದಿಗೆ ಕಾಯುತ್ತಿದ್ದೆ. ನನ್ನ ಮುಂದೆ ಒಬ್ಬ ಅತ್ತೆ, ಒಬ್ಬ ಸೊಸೆ. ಅತ್ತೆ ಸೀಳು ಬಿಟ್ಟ ಹಿತ್ತಾಳೆ ಬಿಂದಿಗೆಯನ್ನು ಆಚಾರ್ ಮುಂದಿಟ್ಟರು.

“ಇವಳು ಎತ್ತಿಹಾಕಿದ್ದಾಳೆ ಆಚಾರ್ರೇ. ತಾನಾಗೇ ಸೀಳ್ತು ಅಂತಾಳೆ. ನೀವೇ ಹೇಳಿ. ಸುಳ್ಳಾಗಿದ್ರೆ ಇವತ್ತೇ ತವರಿನ ಬಸ್ಸು ಹತ್ತಿಸ್ತೀನಿ.”

“ಎಲ್ಲೂ ನೆಗ್ಗಿಲ್ವಲ್ಲಮ್ಮ. ಎಲ್ಲಿಟ್ಟಿದ್ರಿ?”

“ಕೊಟ್ಟಿಗೇಲಿ,” ಅಂದಳು ಸೊಸೆ. “ಅತ್ತೇನೇ ಅಲ್ಲಿಡು ಅಂದ್ರು.”

“ಅದೇ ಮತ್ತೆ. ಬಡಿದ ಮೇಲೆ ಹಿತ್ತಾಳೇನ ಹದವಾಗಿ ಕಾಯಿಸ್ಬೇಕು. ಇಲ್ದಿದ್ರೆ ಬಡಿದ ಬಿಗಿ ಒಳಗೇ ಉಳಿಯುತ್ತೆ. ಗಂಜಲದ ಘಾಟು ತಗುಲಿದ್ರೆ ತಾನಾಗೇ ಸೀಳುತ್ತೆ. ಕಾಯಿಸದೆ ಮಾರಿದೋನು ಕಳ್ಳ. ಈ ಮಗೂದೇನೂ ತಪ್ಪಿಲ್ಲ.”

ಹುಡುಗಿಯ ಮುಖ ಅರಳಿತು. ಬಿಂದಿಗೆ ಮಗುಚಿ ತಳ ತೋರಿಸಿದಳು.

“ನಿಮ್ಮದೇ ಗುರುತು ಆಚಾರ್ರೇ. ಮದುವೇಗೆ ನಮ್ಮಪ್ಪ ನಿಮ್ಮಲ್ಲೇ ತಗೊಂಡಿದ್ದು.”

ಆಚಾರ್ ಸಾಲಿನಲ್ಲಿದ್ದ ನಮ್ಮನ್ನೆಲ್ಲ ಒಮ್ಮೆ ನೋಡಿದರು.

“ನಾವು ಕಾಯಿಸದೆ ಒಂದು ಲೋಟಾನೂ ಕೊಡಲ್ಲ. ಎತ್ತಿಹಾಕಿರ್ತೀಯ ಬಿಡಮ್ಮ.”

“ಈಗ್ತಾನೇ ತಪ್ಪಿಲ್ಲ ಅಂದ್ರಲ್ಲ!”

“ಆಗ ಸರಿಯಾಗಿ ನೋಡಿರ್ಲಿಲ್ಲ.”

“ಕೇಳಿಸ್ತೇನೇ?” ಅಂದರು ಅತ್ತೆ. “ನಡಿ, ಹನ್ನೊಂದಕ್ಕೆ ಬಸ್ಸಿದೆ.”

“ಅತ್ತೆ, ನನ್ನ ಸೀರೆಗಳು ಮನೇಲಿ…”

“ಯಾರ ಕೈಲಾದ್ರೂ ಕಳಿಸ್ತೀನಿ. ಬಿಂದಿಗೆ ಎತ್ಕೋ, ನಿಮ್ಮಪ್ಪಂಗೆ ತೋರಿಸು.”

ಹುಡುಗಿ ಬಿಂದಿಗೆಯನ್ನು ಸೊಂಟಕ್ಕೇರಿಸಿಕೊಂಡು ಅತ್ತೆಯ ಹಿಂದೆ ಬಸ್ಸಿನ ಕಡೆಗೆ ಹೋದಳು.

“ನಿಮಗೇನು ಬೇಕಮ್ಮ?” ಅಂದರು ಆಚಾರ್.

ಒಂದು ತಪ್ಪಲೆ ತೋರಿಸಿ ಅಂದೆ.