ಕ್ಲೀವ್‌ಲ್ಯಾಂಡಿನ ಜಾಗಾ

ಇಲ್ಲಪಾ ಮುರುಗೆಪ್ಪ, ಕ್ಲೀವ್‌ಲ್ಯಾಂಡಿಂದ ಪತ್ರ ಏನೂ ಬಂದಿಲ್ಲ. ಬಂದ್ರ ನಾನ ಕರದು ಹೇಳ್ತೀನಿ ಅಂದಿದ್ದೆನಲ್ಲ. ಇವತ್ತು ಸೂಟಿ ದಿವಸ ಮುಂಜಾನೆ ನಿನ್ನ ಮನಿಗೆ ಕರಸಿದ್ದು ಬ್ಯಾರೆ ಮಾತಿಗೆ. ಕೂಡು ಮೊದಲ. ಅಲ್ಲಲ್ಲ, ಅಲ್ಲೆ ತುದೀಗೆ ಯಾಕ, ಆರಾಮ ಕೂಡು. ಎಂ.ಡಿ. ಮುಗಿಸಿ, ಡಾಕ್ಟರ್ ಅನಿಸ್ಕೊಂಡಿ, ಇನ್ನೂ ನನ್ನ ಮುಂದ ಕೂಡ್ಲಿಕ್ಕೆ ಅಂಜ್ತಿ.

ಆ ಅಮೇರಿಕಾದ ಪ್ರೊಫೆಸರ್ ಅಂದಿದ್ದು ಇನ್ನೂ ತಲ್ಯಾಗ ಇಟಗೊಂಡೀ ಏನು? ಬಂದ್ರು, ನಮ್ಮ ಆಸ್ಪತ್ರಿ ನೋಡಿದ್ರು, ಲೆಕ್ಚರ್ ಕೊಟ್ರು. ವಾರ್ಡಿನ್ಯಾಗ ನೀ ಆ ಹುಡುಗಿ ಎದಿಗೆ ಸ್ಟೆಥಾಸ್ಕೋಪ್ ಇಟ್ಟು ಹಾರ್ಟಿನ ಯಾವ ವಾಲ್ವ್ ಕೆಟ್ಟದ ಅಂತ ಹೇಳಿದಿ. ಅವರು ನಿನ್ನ ಬೆನ್ನು ಚಪ್ಪರಿಸಿದ್ರು. 'ನಮ್ಮಲ್ಲೆ ಬಾ, ಎರಡು ವರ್ಷ ನನ್ನ ಲ್ಯಾಬಿನ್ಯಾಗ ರಿಸರ್ಚ್ ಮಾಡು, ಆಮ್ಯಾಲೆ ಆಸ್ಪತ್ರಿ ರೆಸಿಡೆನ್ಸಿ ಟ್ರೇನಿಂಗಿಗೆ ನಾ ಸೇರಸ್ತೀನಿ' ಅಂದ್ರು. ಹೋದ ಊರಾಗೆಲ್ಲಾ ಒಬ್ಬೊಬ್ಬಗ ಹಿಂಗ ಅಂತಿರ್ತಾರ ಅವರು. ಮದ್ರಾಸಿನ್ಯಾಗ ಒಬ್ಬಾವಗ, ಮನಿಲಾದಾಗ ಒಬ್ಬಾವಗ. ಮಾತಾಡೂ ರೀತಿ ಅದು. ನೀ ಅದನ್ನ ನೌಕರಿ ಸಿಕ್ತು ಅಂತ ತಿಳಕೊಂಡಿ.

ಮತ್ತ ಆ ರಿಸರ್ಚ್ ಅಂದ್ರ ಏನು ಗೊತ್ತದ ನಿನಗ? ಹಿಂದ ನಮ್ಮ ಮಂದಿಗೆ ವಿಮಾನದ ತಿಕೀಟ ಕೊಟ್ಟು ಕರಸಗೋತಿದ್ರು. ಈಗ ಅವರ ಹುಡುಗ್ರನ ಅವರಿಗೆ ಹೆಚ್ಚಾಗ್ಯಾರ. ಪರೀಕ್ಷಾ ಮ್ಯಾಲೆ ಪರೀಕ್ಷಾ ಇಟ್ಟಾರ. ಅದನ್ನ ಕೊಡ್ಲಿಕ್ಕೆ ಕೊಲಂಬೋಕ್ಕೋ ಸಿಂಗಾಪುರಕ್ಕೋ ಓಡಬೇಕು. ಪಾಸಾದ್ರ ರೆಸಿಡೆನ್ಸಿ ಸಿಗ್ತದ ಅಂದಿ? ಇಲ್ಲ. 'ಅಮೇರಿಕಾದಾಗ ಕೆಲಸ ಮಾಡಿದ ಅನುಭವ ಅದ ಏನು' ಅಂತ ಕೇಳ್ತಾರ. ಕೆಲಸಾನ ಕೊಡದಿದ್ರ ಅನುಭವ ಎಲ್ಲಿಂದ ತರಬೇಕು? ಅದಕ್ಕ ಎಲ್ಲಾರೂ ಲ್ಯಾಬಿನ ಹಿತ್ತಲ ಬಾಗಲಾ ಹಿಡದು ನಿಂತಾರ. ಡಾಕ್ಟರ್ ಮಂದಿ, ಕೈ ಒಡ್ಡಿಕೊಂಡು. ನೋಡ್ಲಿಕ್ಕೆ ಹೇಸಿಕಿ ಬರ್ತದ.

ನಮ್ಮ ಎದುರುಮನಿ ಕೃಷ್ಣಾಬಾಯಿ ಅವರ ಮಗನ್ನ ತೊಗೊ. ಚಿನ್ನದ ಪದಕದ ಹುಡುಗ. ಡೆಟ್ರಾಯಿಟಿನ್ಯಾಗ ಏನು ಮಾಡ್ಲಿಕ್ಕೆ ಹತ್ಯಾನ ಹೇಳು ನೋಡೋಣ. ನಾಯಿಗೆ ನಿದ್ದಿ ಇಂಜೆಕ್ಷನ್ ಕೊಡ್ತಾನ. ಬ್ಯಾರೆಯವರು ಕೊಯ್ತಾರ, ಇವ ಕಾಲು ಹಿಡಕೊಂಡು ನಿಂದರ್ತಾನ. ಹಗಲು ಮುಗದ ಮ್ಯಾಲೆ ಪಂಜರಾ ತೊಳೀತಾನ. ರೋಗಿ ಮೈ ಮುಟ್ಟೂಹಂಗಿಲ್ಲ, ಲೈಸೆನ್ಸ್ ಇಲ್ಲಲ್ಲ. ಯಾವಾಗ ಕೇಳಿದ್ರೂ 'ಬರೂ ಜುಲೈಗೆ ರೆಸಿಡೆನ್ಸಿ' ಅಂತಾನ. ಆ ಜುಲೈ ಬರ್ತದ, ಹೋಗ್ತದ, ಮತ್ತ ಬರೂ ಜುಲೈ. ಇಲ್ಲೆ ಅವರವ್ವ 'ನನ್ನ ಮಗಾ ಅಮೇರಿಕಾದಾಗ ಹಾರ್ಟ್ ಸ್ಪೆಶಲಿಸ್ಟ್' ಅಂತ ಓಣಿ ತುಂಬ ಹೇಳಿಕೋತ ಅಡ್ಡಾಡ್ತಾಳ. ಹೌದವ್ವಾ, ನಾಯಿ ಹಾರ್ಟ್ ಸ್ಪೆಶಲಿಸ್ಟ್.

ನಗು ಬರಲಿಲ್ಲೇನು ನಿನಗ? ವಾರ್ಡಿನ್ಯಾಗ ಇದನ್ನ ಹೇಳಿದಾಗ ಎಲ್ಲಾರೂ ನಕ್ಕಿದ್ರು.

ಅಲ್ಲ, ನಿನಗ ಇಲ್ಲೆ ಏನು ಕಡಿಮಿ ಆಗೇದ? ನಿಮ್ಮಪ್ಪ ಭೀಮಣ್ಣ ಯಾದಗಿರಿ ಬಿಟ್ಟು ಬಂದು ಇದ ಪುಣೇದಾಗ ಇಟ್ಟಂಗಿ ಹೊತ್ತ. ನಿಮ್ಮವ್ವ ತಿಪ್ಪವ್ವ ಸಿಮೆಂಟ್ ಬುಟ್ಟಿ ಹೊತ್ತಳು. ಅವರ ಮಗಾ ನನ್ನ ಯುನಿಟ್ಟಿನ್ಯಾಗ ಎಂ.ಡಿ. ಮಾಡಿದ. ಯಾರು ತೊಗೊಂಡ್ರು ನಿನ್ನ? 'ಇವ ನಮ್ಮ ಕನ್ನಡ ಹುಡುಗ, ನನಗ ಬೇಕು' ಅಂತ ನಾ ಅಂದಿದ್ದಕ್ಕ ಬಂದಿ. ನೆನಪದ ಅಲ್ಲ? ತಲಿ ಅಲ್ಲಾಡಿಸು, ಸಾಕು.

ಆ ಮಕ್ಕಳ ಹಾರ್ಟಿನ ಸ್ಟಡಿ ನೀ ಮಾಡಿದಿ, ಒಪ್ಪಿದೆ. ಗಂಟಲ ಬ್ಯಾನಿಯಿಂದ ವಾಲ್ವ್ ಕೆಡೂ ಜಡ್ಡು ಕೂಲಿ ಮಂದಿ ಮಕ್ಕಳೊಳಗ ಎಷ್ಟದ ಅಂತ ಯೆರವಡಾ, ಹಡಪ್ಸರ್ ಶೆಡ್ಡಿಗೆಲ್ಲಾ ಅಡ್ಡಾಡಿದಿ. ಆದ್ರ ಅವರು ನಿನ್ನ ಮಂದಿ. ನಿನ್ನ ಮಾತು ಕೇಳಿ ಮಕ್ಕಳನ ತಂದು ಕೂಡಸಿದ್ರು. ನಾ ಹೋಗಿದ್ರ ಬಾಗಲಾ ಹಾಕ್ಕೋತಿದ್ರು. ಅದರಾಗ ನಿನ್ನ ದೊಡ್ಡಸ್ತಿಕಿ ಏನದ? ವಿಚಾರ ನಂದು, ಯುನಿಟ್ ನಂದು. ನನ್ನ ಹೆಸರು ನೋಡೇ ಆ ಪ್ರೊಫೆಸರ್ ನಮ್ಮ ಆಸ್ಪತ್ರಿಗೆ ಬಂದಿದ್ರು.

ಬಾ ಇಂದೂ, ಚಹಾ ಇಲ್ಲೆ ಇಡು. ಪೇಢೆ ಯಾಕ ತಂದಿ ಈಗ? ...ಇಂದೂ, ನಾ ಏನು ಹೇಳಿದ್ದೆ ನಿನಗ? ...ಹೋಗ್ಲಿ ಬಿಡು. ನೀ ಒಳಗ ಹೋಗು, ನಾ ಕೊಡ್ತೀನಿ ಅವಗ.

ತೊಗೋಪಾ. ಯಾಕ, ಸೀ ಬ್ಯಾಡೇನು? ನಮ್ಮ ಮನಿಯಾಕಿ ಅಂದದ್ದು ಕೇಳಿಸ್ತು ನಿನಗ. ಹೌದು, ವೀಸಾದ ಪೇಢೆ. ನಮ್ಮ ಬಿಂದುಮಾಧವಂದು. ನಿನ್ನೆ ಮುಂಬೈಯಾಗ ಶಿಕ್ಕಾ ಹೊಡದು ಕೊಟ್ರು. ಅವನೂ ಹೋಗ್ತೀನಿ ಅಂತ ಹಟಾ ಹಿಡದ. ಮಗಾ ಬೆಳದ ಮ್ಯಾಲೆ ಅಪ್ಪನ ಮಾತು ಎಲ್ಲೆ ಕೇಳ್ತಾನ? ನಾ ಇದನ್ನೆಲ್ಲಾ ಅವಗೂ ಹೇಳಿದೆ. ನಾಯಿ ಕಾಲು ಹಿಡೀತಿ ಅಂದೆ, ಪಂಜರಾ ತೊಳೀತಿ ಅಂದೆ. ಕೇಳಲಿಲ್ಲ.

ಯಾವೂರಿಗೆ ಅಂತ ಕೇಳವಲ್ಲಿ ಯಾಕ?

ಕೇಳು. ಕೇಳೂದಿಲ್ಲ? ...ಕ್ಲೀವ್‌ಲ್ಯಾಂಡಿಗೆ.

ಹಂಗ ನೋಡಬ್ಯಾಡ ನನ್ನ. ಪ್ರೊಫೆಸರ್ ನಿನ್ನನ್ನ ಕೇಳಿದ್ರು, ಖರೆ ಅದ. ಎರಡು ಸಲ ಪತ್ರಾ ಬರದು ಕೇಳಿದ್ರು. ಮುರುಗೆಪ್ಪಗ ಮನಿ ಜವಾಬ್ದಾರಿ ಅದ, ದೇಶಾ ಬಿಡೂ ಮನಸಿಲ್ಲ, ಅದ ಸ್ಟಡಿಯೊಳಗ ನನ್ನ ಮಗನೂ ಕೆಲಸ ಮಾಡ್ಯಾನ ಅಂತ ನಾ ತಿಳಿಸಿದೆ. ಇದರಾಗ ಸುಳ್ಳೇನದ? ಬಿಂದೂ ನಿನ್ನ ಕೂಡ ಶೆಡ್ಡಿಗೆ ಬಂದಿದ್ನಲ್ಲ, ಸ್ಕೂಟರ್ ತೊಗೊಂಡು. ಬಿಸಿಲು ತಾಳಲಾರದ ಹೊಳ್ಳಿ ಬಂದ, ಆ ಮಾತು ಬ್ಯಾರೆ. ನಿಮ್ಮಪ್ಪಗ ವಯಸ್ಸಾಗೇದ. ನೀ ಹೋದ್ರ ಅವರನ್ನ ಯಾರು ನೋಡ್ತಾರ? ನಿನ್ನ ಹಿತಾನ ನೋಡಿದೆ ನಾ. ನಿನ್ನ ಒಂದು ಮಾತು ಕೇಳಬೇಕಾಗಿತ್ತು, ಕೇಳಲಿಲ್ಲ, ಅಷ್ಟ.

ಈಗ ಮುಖ್ಯ ಮಾತಿಗೆ ಬರ್ತೀನಿ. ಆ ಪ್ರೊಫೆಸರ್ ಬಾಯಿಲೆ ಕೇಳಿ ಬಿಡೂ ಮನಶಾ ಅಲ್ಲ, ಹೋದ ದಿವಸನ ಪೇಶಂಟ್ ಮುಂದ ನಿಲ್ಲಿಸಿ 'ಏನು ಕೇಳಸ್ತದ' ಅಂತಾರ. ಬಿಂದೂಗ ಇನ್ನೂ ಹಾರ್ಟಿನ ಮರ್ಮರ್ ಸಪ್ಪಳಾ ಸರಿಯಾಗಿ ಕೇಳಸೂದಿಲ್ಲ. ನಿನಗ ಗೊತ್ತದ, ವಾರ್ಡಿನ್ಯಾಗ ಅವನ ತಪ್ಪು ನೀನ ಮುಚ್ಚಿ ಹಾಕ್ತಿದ್ದಿ, ನಾ ನೋಡೀನಿ. ಅವ ಹೋಗೂತನಾ ನಿನ್ನ ಕೂಡ ಶೆಡ್ಡಿಗೆ ಕರಕೊಂಡು ಹೋಗು. ಆ ಮಕ್ಕಳ ಎದಿ ಕೇಳಸು. ನೀ ಏನೇನು ಹೆಂಗ್ಹೆಂಗ ಮಾಡಿದಿ, ಎಲ್ಲಾ ಬಾಯಿಪಾಠ ಮಾಡಸು. ಇಷ್ಟಕ್ಕ ಕರಸಿದ್ದು. ಇಲ್ಲೆ ಲೆಕ್ಚರರ್ ಜಾಗಾ ಖಾಲಿ ಆಗೂದದ, ಅದನ್ನ ನಿನಗ ಬಿಟ್ಟು ಬ್ಯಾರೆಯವರಿಗೆ ಹೋಗಗೊಡೂದಿಲ್ಲ ನಾ. ನನ್ನ ಮಾತು ನಂಬು.

ಹೂಂ ಅನ್ನು.

ಸಿಟ್ಟು ಬಂದ್ರ ಸಿಟ್ಟು ಮಾಡು. ಇಂಥಾ ಮಾತು ಕೇಳಿ ಯಾರರ ಇಷ್ಟು ಸಮಾಧಾನ ಇರ್ತಾರೇನು? ನಾ ಕ್ಲೀವ್‌ಲ್ಯಾಂಡ್ ಅಂದಾಗ ನಿನ್ನ ಮಾರಿ ಸುದ್ದಾ ಬದಲಾಗಲಿಲ್ಲ...

ನಿನಗ ಮೊದಲ ಗೊತ್ತಿತ್ತು.

ಯಾರು ಹೇಳಿದ್ರು? ಆಫೀಸಿನವರು? ಅವರಿಗೆ ಗೊತ್ತಿಲ್ಲ. ನಮ್ಮ ಮನ್ಯಾಗ ನಾನು, ಇಂದೂ... ಬಿಂದೂ. ನಿನ್ನೆ ಡೆಕ್ಕನ್ ಕ್ವೀನ್ ಗಾಡಿ ಹೊತ್ತಿಗೆ ಸರಿಯಾಗಿ ಬಂದಿತ್ತು, ಇವ ಭಾಳ ತಡಾ ಮಾಡಿ ಮನಿಗೆ ಬಂದ. ಗೆಳ್ಯಾರ ಕಡೆ ಹೋಗಿದ್ದೆ ಅಂದ. ನಿನ್ನ ರೂಮಿಗೆ ಬಂದಿದ್ನೇನು? ಸ್ಟೇಶನ್ನಿಂದ ನೆಟ್ಟಗ ನಿನ್ನ ಕಡೆ?

ಬಂದಿದ್ದ. ನೀ ತಲಿ ತಗ್ಗಿಸಿದ್ದರಾಗ ತಿಳೀತು. ಮತ್ತ ನಾ ಇಷ್ಟೊತ್ತು ಮಾತಾಡಿದ್ದನ್ನೆಲ್ಲಾ ನೀ ಸುಮ್ಮನ ಕೇಳಿಕೋತ ಕೂತಿ.

ಏನಂದ ಅವ? ಕಲಿಸಿಕೊಡು ಅಂತ ಕೇಳ್ಲಿಕ್ಕೆ ಬಂದಿರಬೇಕು ಅಲ್ಲ? ನನಗಿಂತ ಮೊದಲ ಅವನೇ ಕೇಳಿದ್ರ ಛಲೋನ ಆತು... ಅದಕ್ಕಲ್ಲ? ಮತ್ತ್ಯಾಕ? ಕ್ಷಮಾ ಕೇಳಿದ್ನೇನು? ನಿನ್ನ ಮುಂದ?

ಹೋಗೂದಿಲ್ಲ ಅಂದ್ನೇನು?

ತಲಿ ಎತ್ತಿ ನೋಡು ಮುರುಗೆಪ್ಪ. ಹೋಗೂದಿಲ್ಲ ಅಂದಾನೇನು ನನ್ನ ಮಗಾ? ವೀಸಾ ಕೈಯಾಗ ಹಿಡಕೊಂಡು ಬಂದು? ...ಹೌದಂತ ತಲಿ ಅಲ್ಲಾಡಸ್ತಿ.

ಎದ್ದಿ ಯಾಕ? ಚಹಾ ಹಂಗ ಬಿಟ್ಟಿ. ಕೂಡಪಾ. ಇಲ್ಲ, ನಾ ಇನ್ನ ಏನೂ ಹೇಳೂದಿಲ್ಲ, ಲೆಕ್ಚರರ್ ಮಾತೂ ಆಡೂದಿಲ್ಲ. ಮೆಟ್ಟಲಾ ಇಳೀಬ್ಯಾಡ, ಒಂದು ನಿಮಿಷ ನಿಂದರು. ಬಿಂದೂನ ಕೋಲಿ ಮ್ಯಾಲದ. ಮುಂಜಾನಿಂದ ಒಳಗ ಚಿಲಕಾ ಹಾಕ್ಕೊಂಡಾನ. ಪ್ರವಾಸದ ದಣಿವು ಅಂತ ಅವರವ್ವಗ ಹೇಳೀನಿ. ನಾ ಕರದೆ, ತಗೀಲಿಲ್ಲ. ಓ ಅನ್ನಲೂ ಇಲ್ಲ.

ನೀ ಒಮ್ಮೆ ಬಾಗಲಾ ಬಡದು ನೋಡಪಾ. ನಿನ್ನ ದನಿ ಕೇಳಿದ್ರ ತಗದಾನು.